ಮಣ್ಣಾಗಲೊಲ್ಲದ ಚೀಲ

ಒಳ್ಳೆಯ ಚೀಲವನ್ನು ಎಸೆಯುವ ಧೈರ್ಯ ನಮ್ಮ ಜನಕ್ಕಿಲ್ಲ. ಯಾರ ಮನೆಯ ಅಡುಗೆಮನೆ ಬಾಗಿಲ ಹಿಂದೆ ನೋಡಿದರೂ ಮೊಳೆಗೆ ಒಂದು ದೊಡ್ಡ ಚೀಲ ನೇತಾಡುತ್ತಿರುತ್ತದೆ. ಅದರೊಳಗೆ ಮಡಚಿಟ್ಟ ಚೀಲಗಳು, ಅವುಗಳೊಳಗೆ ಇನ್ನೂ ಸಣ್ಣ ಚೀಲಗಳು. ಇದೆಲ್ಲ ಗೊತ್ತಿದ್ದೂ ನಾನು ಎಸೆಯುವುದಕ್ಕೆಂದೇ ಚೀಲ ತಯಾರಿಸುವ ಕೆಲಸ ಹಿಡಿದೆ. ನನ್ನ ಬುದ್ಧಿಗೆ ಏನೆನ್ನಬೇಕೋ ನೀವೇ ಹೇಳಿ.

ಧಾರವಾಡ ಬಿಟ್ಟು ಪುಣೆಗೆ ಬಂದ ನಾನು ಇಲ್ಲಿಯ ಒಂದು ಪ್ರಯೋಗಾಲಯದಲ್ಲಿ ಮಣ್ಣಿನಲ್ಲಿ ಕರಗುವ ಪ್ಲಾಸ್ಟಿಕ್ ಮಾಡುತ್ತೇನೆ. ಮೆಕ್ಕೆಜೋಳದ ಪಿಷ್ಟದಿಂದಾದ ನಮ್ಮ ಮೊದಲ ಚೀಲಕ್ಕೆ ಮಣ್ಣು ಸೇರುವ ಆತುರ ಎಷ್ಟಿತ್ತೆಂದರೆ, ಹಡಪಸರದ ಸಂತೆಯಲ್ಲಿ ಸೋರೆಕಾಯಿ ಹಾಕಿದರೆ ಮನೆ ಮುಟ್ಟುವ ಮೊದಲೇ ಹರಿಯುತ್ತಿತ್ತು. ಗಟ್ಟಿಯಾಗಲೆಂದು ತೆಂಗಿನ ಚಿಪ್ಪಿನ ಇದ್ದಿಲನ್ನು ನುಣ್ಣಗೆ ಪುಡಿಮಾಡಿ ಬೆರೆಸತೊಡಗಿದೆವು. ಇದ್ದಿಲು ಹೆಚ್ಚಾದರೆ ಚೀಲ ಹಪ್ಪಳದಂತೆ ಮುರಿಯುತ್ತಿತ್ತು, ಕಡಿಮೆಯಾದರೆ ಸೋರೆಕಾಯಿ ಮತ್ತೆ ರಸ್ತೆಪಾಲು. ಗಂಟಾಗದಂತೆ ಬೆರೆಸುವುದಂತೂ ದೊಡ್ಡ ತಲೆನೋವು. "ಮನ್ಯಾಗ ಗಂಟಿಲ್ದ ಉಪ್ಪಿಟ್ಟು ಮಾಡಾಕ ಬರೂದಿಲ್ಲ, ಅಲ್ಲಿ ಹೋಗಿ ಇದ್ದಿಲು ಕಲಸ್ತಾರಂತ!" ಎಂದು ನನ್ನ ಹೆಂಡತಿ ಸುಧಾ ನಗುತ್ತಿದ್ದಳು. ಕೊನೆಗೂ ಹದ ಸಿಕ್ಕಿತು. ಕಪ್ಪಗೆ ಮಿರುಗುವ, ಎಳೆದರೂ ಜಗ್ಗದ ಚೀಲ. ನನಗೆ ಮಗ ಹುಟ್ಟಿದಷ್ಟು ಸಂತೋಷವಾಯಿತು.

ಉಳಿದದ್ದು ಒಂದೇ ಪರೀಕ್ಷೆ. ಮನೆಯ ಕಸದ ಜೊತೆ ಈ ಚೀಲ ಕೊಳೆಯುತ್ತದೆಂದು ತೋರಿಸಿದರೆ ಸರಿ, ಇಲ್ಲದಿದ್ದರೆ ಕೆಲಸ ನಿಲ್ಲಿಸುವುದೇ ಎಂದು ನಮ್ಮ ಮುಖ್ಯಸ್ಥರು ಖಡಾಖಂಡಿತವಾಗಿ ಹೇಳಿದರು. ನಾನು ಒಂದು ಕಟ್ಟು ಚೀಲ ತಂದು ಸುಧಾಳಿಗೂ ಎದುರುಮನೆಯ ಮರಾಠಿ ಕಾಕೂಗೂ ಹಂಚಿ, ಹಸಿ ಕಸ ತುಂಬಿ ಚೀಲದ ಸಮೇತ ನಮ್ಮ ವಸತಿ ಸೊಸೈಟಿಯ ಗೊಬ್ಬರದ ಗುಂಡಿಗೆ ಹಾಕಿ ಎಂದೆ. ಇಬ್ಬರೂ ತಲೆಯಾಡಿಸಿದರು.

ಮಳೆಗಾಲ ಮುಗಿದ ಮೇಲೆ ಗುಂಡಿ ಕೆದಕಿದೆ. ಘಮಘಮಿಸುವ ಗೊಬ್ಬರ ಬಿಟ್ಟರೆ ಚೀಲದ ಒಂದು ಚೂರೂ ಇಲ್ಲ! ಪೂರ್ತಿ ಕರಗಿಹೋಗಿದೆ ಎಂದು ಕುಣಿಯುತ್ತಾ ಮನೆಗೆ ಬಂದರೆ, ಬಾಲ್ಕನಿಯ ಹಗ್ಗದ ಮೇಲೆ ನನ್ನ ಚೀಲಗಳು ತೊಳೆಸಿಕೊಂಡು, ಕ್ಲಿಪ್ಪು ಹಾಕಿಸಿಕೊಂಡು ಸಾಲಾಗಿ ಒಣಗುತ್ತಿದ್ದವು.

"ಏನಿದು ಸುಧಾ?"

"ಭಾಳ ಗಟ್ಟಿ ಅದಾವ್ರಿ. ಇಂಥಾವನ್ನ ಕಸಕ್ಕ ಹಾಕಾಕ ಮನಸ್ಸರೆ ಹೆಂಗ ಬರ್ತದ? ಕಸ ಪೇಪರ್‌ನಾಗ ಸುತ್ತಿ ಹಾಕೇನಿ, ಬಿಡ್ರಿ."

ಕಾಕೂ ತಮ್ಮ ಪಾಲಿನದನ್ನು ಸ್ಕೂಟರಿನ ಸೀಟಿಗೆ ಹೊದಿಸಿದ್ದರು. "ಕಿತೀ ಮಜಬೂತ್ ಆಹೆ!" ಎಂದು ಚೀಲದ ಗಟ್ಟಿತನಕ್ಕೆ ನನ್ನನ್ನೇ ಹೊಗಳಿದರು. ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಮರುದಿನ ಮುಖ್ಯಸ್ಥರು ಕೊಳೆತ ಚೀಲ ಎಲ್ಲಿ ಎಂದು ಕೇಳಿದರು. ಕೈಯಲ್ಲಿದ್ದ ಅದೇ ಕಪ್ಪು ಚೀಲದಿಂದ ಊಟದ ಡಬ್ಬಿ ತೆಗೆದು, ಚೀಲವನ್ನು ಮೇಜಿನ ಮೇಲಿಟ್ಟು, ನಡೆದದ್ದನ್ನೆಲ್ಲ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ ಕಣ್ಣೊರೆಸಿಕೊಳ್ಳುತ್ತಾ, "ಆಯಿತು, ಇನ್ನೊಂದು ಅವಕಾಶ ಕೊಟ್ಟೆ. ಹೆಂಗಸರನ್ನು ನಂಬಬೇಡಿ. ಇದನ್ನು ನೀವೇ ಈಗಲೇ ಹೋಗಿ ಹೂಳಿ" ಎಂದರು.

ನಾನು ಚೀಲವನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದೆ. ಎಲ್ಲಿಯೂ ಒಂದು ತೂತಿರಲಿಲ್ಲ.

"ಸರ್," ಎಂದೆ, ನಾಲ್ಕು ಮಡಿಕೆ ಮಾಡಿ ಜೇಬಿಗಿಳಿಸುತ್ತಾ, "ಇದೊಂದು ಬೇಡ. ಸಂಜೆ ಮೆಂತ್ಯಸೊಪ್ಪು ಒಯ್ಯಬೇಕು."