ಎಸಿ ಬಿಚ್ಚಿಸಿದ ಕಥೆ

ಉಪಯೋಗಕ್ಕೆ ಬಾರದ ವಸ್ತು ಕಣ್ಣಿಗೆ ಬಿದ್ದರೆ ನನಗೆ ಸಮಾಧಾನವಿರುವುದಿಲ್ಲ. ಹಿಡಿ ಹೋದ ಬಾಣಲೆ, ನಿಂತ ಗಡಿಯಾರ, ಯಾವುದನ್ನೂ ಮನೆಯಲ್ಲಿ ಉಳಿಯಗೊಡುವುದಿಲ್ಲ. ಇದನ್ನು ನಾನು ಅಚ್ಚುಕಟ್ಟುತನ ಎನ್ನುತ್ತೇನೆ. ನನ್ನ ಹೆಂಡತಿ ಶಾರದೆ ಬೇರೇನೋ ಎನ್ನುತ್ತಾಳೆ. ತೊಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನವರೊಬ್ಬರಿಂದ ಕೊಂಡ ನಮ್ಮ ಹಳೆಯ ಕಾರಿನಲ್ಲಿ ಎಸಿ ಇತ್ತು. ಮೂಡಿಗೆರೆಯಲ್ಲಿ ಎಸಿ! ಬೇಸಿಗೆಯಲ್ಲೂ ಸಂಜೆಯಾದರೆ ಸ್ವೆಟರ್ ಹುಡುಕುವ ನಾವು ಕಾರು ಕೊಂಡ ಆ ಬೇಸಿಗೆಯಲ್ಲಿ ಅದನ್ನು ಒಮ್ಮೆಯೂ ಹಾಕಿರಲಿಲ್ಲ. ಅಷ್ಟು ಕಬ್ಬಿಣವನ್ನು ಸುಮ್ಮನೆ ಘಟ್ಟ ಹತ್ತಿಸಿ ಇಳಿಸುವುದು ಯಾವ ನ್ಯಾಯ?

ಗ್ಯಾರೇಜಿನ ಪ್ರಕಾಶನಿಗೂ ಹಾಗೇ ಅನ್ನಿಸಿತು. "ಬಿಚ್ಚಿ ಬಿಸಾಕುವ ಸಾರ್, ಗಾಡಿ ಹಕ್ಕಿ ಥರ ಹಾರ್ತದೆ" ಎಂದ. ಮಧ್ಯಾಹ್ನದ ಹೊತ್ತಿಗೆ ಎಸಿಯ ಕಂಪ್ರೆಸರ್ ನೆಲದ ಮೇಲಿತ್ತು. ಆದರೆ ಬಾನೆಟ್ಟಿನೊಳಗೆ ತಲೆ ಹಾಕಿದ ಪ್ರಕಾಶ ಅದನ್ನು ಹೊರಗೆ ತೆಗೆಯಲೇ ಇಲ್ಲ.

"ಏನಾಯ್ತೋ ಮಾರಾಯ?"

"ಸಾರ್, ಕಂಪ್ರೆಸರ್ ಹಿಡಿದಿದ್ದ ಬ್ರಾಕೆಟ್ಟಿನ ಮೇಲೇ ಪವರ್ ಸ್ಟಿಯರಿಂಗ್ ಪಂಪೂ ಕೂತಿತ್ತು. ಬೋಲ್ಟ್ ಬರ್ಲಿಲ್ಲ ಅಂತ ಸುತ್ತಿಗೇಲಿ ಹೊಡೆದೆ, ಬ್ರಾಕೆಟ್ಟೇ ಒಡೀತು. ಈಗ ಪಂಪಿಗೆ ಕೂರೋಕೆ ಜಾಗ ಇಲ್ಲ."

ಬಗ್ಗಿ ನೋಡಿದೆ. ಪಂಪು ತನ್ನ ಪೈಪುಗಳಿಗೆ ಜೋತುಬಿದ್ದಿತ್ತು. ತಣ್ಣನೆ ಗಾಳಿಗೂ ಚಕ್ರ ತಿರುಗಿಸುವುದಕ್ಕೂ ಏನು ಸಂಬಂಧವೆಂದು ನನಗೆ ಹೊಳೆಯಲಿಲ್ಲ. ಪ್ರಕಾಶನ ಮುಖ ನೋಡಿದರೆ ಅವನಿಗೂ ಆವತ್ತೇ ಹೊಳೆದಂತಿತ್ತು.

ಮರುದಿನ ಬೆಳಿಗ್ಗೆ ಕಳಸದಿಂದ ಶಾರದೆಯ ತಂಗಿ, ತುಂಬು ಬಸುರಿ ವಸುಧೆಯನ್ನು ಕರೆತರಬೇಕಿತ್ತು. ಕಾರು ಓಡಿಸುವವಳು ಶಾರದೆಯೇ. ನಾನು ಪಕ್ಕದಲ್ಲಿ ಕೂತು ಸಲಹೆ ಕೊಡುವವನು. ಆ ತಿರುವುಗಳಲ್ಲಿ ಪಂಪಿಲ್ಲದ ಸ್ಟಿಯರಿಂಗ್ ಎಂದರೆ ರುಬ್ಬುವ ಕಲ್ಲು ತಿರುಗಿಸಿದಂತೆ. ಫೋನಿನಲ್ಲಿ ವಿಷಯ ತಿಳಿದು ಅವಳು ಕೇಳಿದ್ದು ಇಷ್ಟೇ: "ನಾಳೆ ವಸುಧೆನ ಎತ್ತಿನ ಗಾಡೀಲಿ ತರ್ತೀರಾ?"

ಎಸಿ ಇಲ್ಲದೆ ಬರುವ ಇದೇ ಕಾರಿಗೆ ಪಂಪಿನ ಬ್ರಾಕೆಟ್ ಬೇರೆ ಇರುತ್ತದಂತೆ. ಪ್ರಕಾಶನ ಬೈಕಿನ ಹಿಂದೆ ಕೂತು ಚಿಕ್ಕಮಗಳೂರಿನ ಗುಜರಿ ಅಂಗಡಿಗೆ ಹೋದೆ. ಅಂಗಡಿಯವರು ಎರಡು ಬ್ರಾಕೆಟ್ ತಂದಿಟ್ಟು, "ಯಾವ್ದು ಬೇಕು?" ಎಂದರು. ಪ್ರಕಾಶ ಒಂದನ್ನು ತಿರುಗಿಸಿ ನೋಡಿದ. ನಾನು ಇನ್ನೊಂದನ್ನು ತಿರುಗಿಸಿ, ಗೊತ್ತಿರುವವನಂತೆ "ಹ್ಞೂಂ" ಎಂದೆ. ಅವನು ನನ್ನ ಹ್ಞೂಂಕಾರವನ್ನು ನಂಬಿ ಅದನ್ನೇ ಕಟ್ಟಿಸಿಬಿಟ್ಟ! ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಮುಟ್ಟಿ ಮುಟ್ಟಿ ನೋಡುತ್ತ ಬಂದೆ.

ಅದೃಷ್ಟಕ್ಕೆ ಅದು ಕೂತಿತು. ಆದರೆ ಕಂಪ್ರೆಸರನ್ನೂ ಸುತ್ತಿ ಬರುತ್ತಿದ್ದ ಬೆಲ್ಟು ಈಗ ಉದ್ದವಾಗಿ, ಹೂವಿನ ಹಾರದ ಹಾಗೆ ಇಳಿಬಿದ್ದಿತು. ಚಿಕ್ಕ ಬೆಲ್ಟಿಗಾಗಿ ಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿ, ಕೊನೆಗೊಂದು ಹುಡುಕಿ ತಂದೆವು. ಕತ್ತಲಾಗುವ ಮುಂಚೆ ಸ್ಟಿಯರಿಂಗ್ ಬೆರಳಿನಲ್ಲಿ ತಿರುಗಿತು. ನಾನೇ ತಿರುಗಿಸಿ ತಿರುಗಿಸಿ ನೋಡಿದೆ.

ಮರುದಿನ ವಸುಧೆಯನ್ನು ಕೂರಿಸಿಕೊಂಡು ಹೊರಟೆವು. ಕಾರು ತಿರುವುಗಳಲ್ಲಿ ಬೆಣ್ಣೆಯಂತೆ ಹೊರಳುತ್ತಿತ್ತು. ನಾನು ಬ್ರಾಕೆಟ್ ಆರಿಸಿದ ಜಾಣ್ಮೆಯನ್ನು ವಿವರಿಸುತ್ತಿದ್ದಾಗ ಜಡಿಮಳೆ ಹಿಡಿಯಿತು. ಇರಚಲು ಬೀಳದಿರಲೆಂದು ಗಾಜು ಏರಿಸಿದೆವು. ನಿಮಿಷದೊಳಗೆ ಮುಂದಿನ ಗಾಜೆಲ್ಲ ಆವಿ ಕಟ್ಟಿ, ರಸ್ತೆಯೇ ಮಾಯ!

"ರೀ, ಒರೆಸಿ, ಒರೆಸಿ!" ಎಂದಳು ಶಾರದೆ. ಟವೆಲ್ ಹಿಡಿದು ಬಲಕ್ಕೆ ಬಾಗಿ ಒರೆಸಿದೆ. ಮತ್ತೆ ಆವಿ. ಮತ್ತೆ ಒರೆಸಿದೆ.

ಹಿಂದಿನಿಂದ ವಸುಧೆ ಕೇಳಿದಳು: "ಭಾವ, ಎಸಿ ಹಾಕಿದ್ರೆ ಗಾಜಿನ ಆವಿ ಹೋಗ್ತದಲ್ವಾ? ನಮ್ಮನೆಯವ್ರು ಮಳೇಲಿ ಹಾಗೇ ಮಾಡೋದು."

ಎಸಿ ಅದಕ್ಕೂ ಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ಶಾರದೆ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದಳು: "ನಮ್ಮ ಕಾರಿಗೆ ನಿಮ್ಮ ಭಾವನೇ ಎಸಿ ಕಣೆ. ಸ್ವಲ್ಪ ನಿಧಾನ ಅಷ್ಟೆ."

ತಕ್ಕ ಉತ್ತರ ನನ್ನಲ್ಲಿತ್ತು. ಆದರೂ ಗಾಜು ಒರೆಸುತ್ತಲೇ ಹೋದೆ. ಬಾಯಿ ತೆರೆದರೆ ನನ್ನ ಉಸಿರಿಗೇ ಗಾಜು ಇನ್ನಷ್ಟು ಮಸುಕಾಗುತ್ತಿತ್ತು.