ನಾಕಾಳಿದ್ರೆ ಸಾಕು ಸಾ!

ನಮ್ಮ ನಂಜನಗೂಡಿನ ಕಡೆ 'ಹ' ಅಕ್ಷರಕ್ಕೆ ಉಳಿಗಾಲವಿಲ್ಲ. ಹಳ್ಳಿ ಅಳ್ಳಿಯಾಗುತ್ತದೆ, ಹಾಲು ಆಲಾಗುತ್ತದೆ. ಹೈಸ್ಕೂಲಿನ ಕನ್ನಡ ಮೇಷ್ಟ್ರಾದ ನಾನು ಇಪ್ಪತ್ತೆರಡು ವರ್ಷಗಳಿಂದ ಬಿದ್ದುಹೋದ ಹಕಾರಗಳನ್ನು ಎತ್ತಿ ಎತ್ತಿ ಮಕ್ಕಳ ಬಾಯಿಗೆ ತುರುಕುತ್ತಾ ಸುಸ್ತಾಗಿದ್ದೇನೆ. ಯಾರು ಏನೇ ಮಾತಾಡಲಿ, ಎಲ್ಲಿ 'ಹ' ಸೇರಿಸಿಕೊಳ್ಳಬೇಕೆಂದು ನನ್ನ ಕಿವಿಗೆ ತಾನಾಗಿಯೇ ತಿಳಿಯುತ್ತದೆ. ಹಾಗೆಂದು ನಂಬಿದ್ದೆ.

ಕಳೆದ ಶ್ರಾವಣದಲ್ಲಿ ಹೆಂಡತಿ ಮಂಜುಳಾ ಜೊತೆ ಬನ್ನೂರಿಗೆ ಹೊರಟೆ. ಅವಳ ತಮ್ಮನಿಗೆ ಮದುವೆಯಾದ ಒಂಬತ್ತು ವರ್ಷದ ಮೇಲೆ ಮಗುವಾಗಿತ್ತು. ಅವತ್ತು ನಾಮಕರಣ. ಮಗುವಿನ ಕಿವಿಯಲ್ಲಿ ಹೆಸರು ಕೂಗುವುದು ಸೋದರತ್ತೆಯ ಹಕ್ಕು. ಆ ಒಂಬತ್ತು ವರ್ಷವೂ ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತವಳು ಮಂಜುಳಾ.

"ಹನ್ನೊಂದೂವರೆಗೆ ನಾನು ತೊಟ್ಟಿಲ ಮುಂದಿರ್ಬೇಕು ಕಣ್ರೀ" ಎಂದು ಬಸ್ಸಿನಲ್ಲಿ ಅದೆಷ್ಟು ಸಲ ಹೇಳಿದಳೋ!

ಟಿ. ನರಸೀಪುರದಲ್ಲಿ ಬಸ್ಸು ಬದಲಾಯಿಸಬೇಕಿತ್ತು. ಅವಳು ಹೂವಿನ ಅಂಗಡಿಯತ್ತ ಹೋದಳು. ನಾನು ಸುಮ್ಮನೆ ಇನ್ನೊಂದು ಕಡೆ ಹೆಜ್ಜೆ ಹಾಕಿದೆ. ಗ್ರಹಚಾರ! ಗ್ಯಾರೇಜೊಂದರ ಮುಂದೆ ಗುಂಡು ದೀಪದ, ದುಂಡು ಬೆನ್ನಿನ ಹಳೇ ಕಾಲದ ಕಾರು ನಿಂತಿತ್ತು. ಕೆನೆ ಬಣ್ಣ. ಗಾಜಿನ ಮೇಲೆ 'ಮಾರಾಟಕ್ಕಿದೆ'. ನಾನು ಚಿಕ್ಕವನಿದ್ದಾಗ ಇಂಥ ಕಾರು ಬಂದರೆ ಜಗಲಿ ಮೇಲೆ ಕೂತವರೆಲ್ಲ ಎದ್ದು ನಿಲ್ಲುತ್ತಿದ್ದರು. ನನ್ನ ಬಳಿ ಡ್ರೈವಿಂಗ್ ಲೈಸೆನ್ಸ್ ಇತ್ತು, ಕಾರಿರಲಿಲ್ಲ. ಅತ್ತೆಮನೆಗೆ ಬಸ್ಸಿಳಿದು ಬೆವರೊರೆಸಿಕೊಂಡು ಹೋಗುವ ಅಳಿಯನೂ, ಇಂಥ ಕಾರಿಳಿದು ಹೋಗುವ ಅಳಿಯನೂ ಒಂದೇ ಏನು?

ಮಾಲೀಕ ಸಿದ್ದರಾಜಣ್ಣ ಎಲೆ ಅಡಿಕೆ ಮೆಲ್ಲುತ್ತಾ ಬಂದ.

"ಗಾಡಿ ಹೇಗಪ್ಪಾ?"

"ಅಳೇ ಗಾಡಿ ಸಾ, ಸುಳ್ ಯಾಕೇಳ್ಲಿ? ನಾಕಾಳಿದ್ರೆ ಸಾಕು, ಎಲ್ಗಾದ್ರೂ ಓಯ್ತದೆ."

ನನ್ನ ಕಿವಿ ಕೂಡಲೇ ಕಾರ್ಯಪ್ರವೃತ್ತವಾಯಿತು. ನಾಕಾಳಿದ್ರೆ, ಅಂದರೆ ನಾಲ್ಕು ಹಾಳೆ ಇದ್ದರೆ! ಆರ್‌ಸಿ, ಇನ್ಶೂರೆನ್ಸ್, ಟ್ಯಾಕ್ಸು, ಹೊಗೆ ತಪಾಸಣೆ. ಎಷ್ಟು ಪ್ರಾಮಾಣಿಕ ಮನುಷ್ಯ!

"ನಾಲ್ಕೂ ಇದೆಯಾ?"

"ನಮ್ ಗ್ಯಾರೇಜಲ್ಲಿ ಯಾವಾಗ್ಲೂ ಇರ್ತವೆ ಸಾ."

ಮೊಬೈಲಿನಲ್ಲಿ ಹಣ ಕಳಿಸಿಯೇಬಿಟ್ಟೆ. ಅವನು ಪ್ಲಾಸ್ಟಿಕ್ ಕವರು ಕೊಟ್ಟ. ಬಿಚ್ಚಿ ಎಣಿಸಿದೆ, ಸರಿಯಾಗಿ ನಾಲ್ಕು ಹಾಳೆ!

ಮಂಜುಳಾ ಓಡಿ ಬಂದಳು. "ಬಸ್ ಬಂತು, ಬನ್ರೀ!"

"ಬಸ್ಸು ಯಾಕೆ? ಕಾರು ಹತ್ತು."

"ಯಾರ್ದು?"

"ನಮ್ಮದು."

ಅವಳು ಹೂವಿನ ಪೊಟ್ಟಣ ಹಿಡಿದು ಹಾಗೇ ನಿಂತಳು. "ನಾನು ಎರಡು ಮೊಳ ಹೂವು ತಗೊಳೋದ್ರೊಳಗೆ ನೀವು ಕಾರು ತಗೊಂಡ್ರಾ?"

ನಾವು ಹೊರಡುವಾಗ ಸಿದ್ದರಾಜಣ್ಣನೂ ಗ್ಯಾರೇಜಿನ ಮೂವರೂ ಹಿಂದಿನಿಂದ ಕಾರನ್ನು ತಳ್ಳಿದರು. ಹಳೇ ಒಡನಾಡಿಯನ್ನು ಬೀಳ್ಕೊಡುವ ಪ್ರೀತಿ ಎಂದುಕೊಂಡೆ. ಕಣ್ಣು ಒದ್ದೆಯಾಯಿತು.

ಅರ್ಧ ದಾರಿ ಚೆನ್ನಾಗಿಯೇ ಬಂದೆವು. ಎದುರಿಗೆ ಕಬ್ಬಿನ ಟ್ರ್ಯಾಕ್ಟರು ಬಂತು, ಬ್ರೇಕ್ ಒತ್ತಿದೆ. ಇಂಜಿನ್ ಆಫ್! ಕೀ ತಿರುಗಿಸಿದೆ. ಮತ್ತೆ ತಿರುಗಿಸಿದೆ. ಕಾರು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಕೊನೆಗೆ ಸಿದ್ದರಾಜಣ್ಣನಿಗೆ ಫೋನ್ ಮಾಡಿದೆ.

"ಏನಪ್ಪಾ ಇದು? ನಾಲ್ಕು ಹಾಳೆಯೂ ನನ್ನ ಕೈಯಲ್ಲೇ ಇದೆ, ಗಾಡಿ ಮಾತ್ರ ಹೋಗ್ತಿಲ್ಲ!"

"ಆಳೆ ತಕ್ಕೊಂಡ್ ಏನ್ಮಾಡೀರಿ ಸಾ? ಆಳು, ಆಳು! ತಳ್ಳಕ್ಕೆ ನಾಕ್ ಜನ ಬೇಕು ಅಂತ ಆಗ್ಲೇ ಏಳ್ನಿಲ್ವಾ?"

ಸಕಲ ಹಕಾರಗಳ ಸಂರಕ್ಷಕನಾದ ನಾನು ಇಲ್ಲದ ಕಡೆ ಒಂದು 'ಹ' ಹಾಕಿಕೊಂಡಿದ್ದೆ! ಕವರು ಮಡಿಚಿ ಸೀಟಿನ ಮೇಲಿಟ್ಟೆ. ಹೆಂಡತಿಯ ಮುಖ ನೋಡುವ ಧೈರ್ಯವಾಗಲಿಲ್ಲ.

ಕಬ್ಬು ಕಡಿಯುತ್ತಿದ್ದ ನಾಲ್ವರನ್ನು ಕೈಮುಗಿದು ಕರೆತಂದೆ. ತಳ್ಳಿದರು, ಹೊರಟಿತು. ಮುಂದಿನ ಊರಿನ ಹಂಪ್‌ನಲ್ಲಿ ಮತ್ತೆ ನಿಂತಿತು. ಅಷ್ಟರಲ್ಲಿ ಹನ್ನೊಂದು ಗಂಟೆ. ಮಂಜುಳಾ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, "ಒಂಬತ್ತು ವರ್ಷ ಕಾದಿದ್ದೆ ಕಣ್ರೀ" ಎಂದಳು. ನನಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಆಗ ಹಿಂದಿನಿಂದ ಬನ್ನೂರು ಬಸ್ಸು ಬಂತು. ಮಂಜುಳಾ ರಸ್ತೆಯ ನಡುವೆಯೇ ನಿಂತು ಕೈ ಅಡ್ಡ ಹಿಡಿದಳು. ಬಸ್ಸು ನಿಂತಿತು. ನಾನೂ ಹತ್ತಲು ಹೋದೆ.

"ನೀವೆಲ್ಲಿಗೆ? ನಿಮ್ಮ ಗಾಡಿ ನೀವೇ ತನ್ನಿ!"

ಬಸ್ಸು ಹೋಯಿತು. ನಾನೂ ಗಾಡಿಯೂ ಉಳಿದೆವು.

ಆಮೇಲಿನದನ್ನು ವಿವರಿಸುವ ಶಕ್ತಿ ನನಗಿಲ್ಲ. ಪ್ರತಿ ಹಂಪ್‌ಗೂ ನಾಲ್ಕು ಆಳು, ನಾಲ್ಕು ಟೀ. ಒಂದು ಕಡೆ ಮೂವರೇ ಸಿಕ್ಕರು. ಅವರಲ್ಲೊಬ್ಬ "ನಂಗೆ ಡ್ರೈವಿಂಗ್ ಬತ್ತದೆ ಸಾ" ಎಂದು ಸ್ಟೇರಿಂಗ್ ಹಿಡಿದು ಕೂತ. ಉಳಿದಿಬ್ಬರ ಜೊತೆ ನಾನು ಹಿಂದೆ ನಿಂತು ತಳ್ಳಿದೆ. ನನ್ನ ಕಾರಿನಲ್ಲಿ ಅವನು ಗಾಳಿಗೆ ಕೈ ಹೊರಗಿಟ್ಟುಕೊಂಡಿದ್ದ.

ಬನ್ನೂರು ಮುಟ್ಟಿದಾಗ ಮೂರು ಗಂಟೆ. ಕೊನೇ ಪಂಕ್ತಿಯೂ ಎದ್ದಿತ್ತು. ಮಂಜುಳಾ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು.

"ಹೆಸರು ಕೂಗಿದ್ಯಾ?" ಎಂದು ಬಾಗಿಲಲ್ಲೇ ಕೇಳಿದೆ.

"ಕೂಗ್ದೆ. ಇನ್ನೈದು ನಿಮಿಷ ಲೇಟಾಗಿದ್ರೆ ಮುಹೂರ್ತ ಮೀರಿರ್ತಿತ್ತು."

ನನಗೆ ಹೋದ ಜೀವ ಬಂತು. ಮಗುವಿನ ಕೆನ್ನೆ ಮುಟ್ಟಲು ಕೈ ಚಾಚಿದೆ. ನನ್ನ ಗ್ರೀಸ್ ಕೈ ನೋಡಿ ಮಂಜುಳಾ ಮಗುವನ್ನು ಆ ಕಡೆ ತಿರುಗಿಸಿಕೊಂಡಳು.

ಅಷ್ಟರಲ್ಲಿ ಅತ್ತೆ ಒಳಗಿನಿಂದ ಬಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇದ್ಯಾಕಳಿಯಂದ್ರೇ, ಇಷ್ಟೊತ್ತು?"

ನಾನು ಅಂಗಿ ಸರಿಮಾಡಿಕೊಂಡು, ಇದ್ದಬದ್ದ ಗತ್ತನ್ನೆಲ್ಲ ಒಟ್ಟುಗೂಡಿಸಿ, "ಕಾರಲ್ಲಿ ಬಂದೆ ಅತ್ತೆ" ಎಂದೆ.

"ಅಯ್ಯೋ ಪಾಪ!" ಎಂದರು ಅತ್ತೆ. "ಬಸ್ ಸಿಕ್ನಿಲ್ವಾ?"