ಎಡಗೈಗೊಂದು ತಾಳ, ಬಲಗೈಗೊಂದು ನಡುಕ

ರೇವಪ್ಪನ ಬಲಗೈ ನಡುಗಲು ಶುರುವಾದದ್ದು ಶುಕ್ರವಾರ ಬೆಳಿಗ್ಗೆ, ಮಾವ ಧರೆಪ್ಪ ಅಂಗಳಕ್ಕೆ ಬಂದು "ಐತಾರ ತುಪ್ಪಟ ಕತ್ತರಸೂದೈತಿ. ಇನ್ನೂರು ಕುರಿ ಅದಾವು, ಕತ್ತರಿ ಮಸ್ಕೊಂಡು ಬಾ" ಎಂದ ಎರಡನೆಯ ನಿಮಿಷಕ್ಕೆ. ಮೊದಲನೆಯ ನಿಮಿಷ ಯೋಚನೆಗೆ ಹಿಡಿಯಿತು.

ಯೋಚನೆಗೆ ಕಾರಣವಿತ್ತು. ಅದೇ ಭಾನುವಾರ ಖಂಡೇರಾಜುರಿಯಲ್ಲಿ ಡೊಳ್ಳಿನ ಸ್ಪರ್ಧೆ. ತನ್ನೂರು ಸಲಗರೆಯ ಮೇಳದಲ್ಲಿ ಮೂರು ವರ್ಷ ಹಿಂದಿನ ಸಾಲಿನಲ್ಲಿ ನಿಂತು ನಿಂತು, ಈ ಸಲ ರೇವಪ್ಪನಿಗೆ ಮುಂದಿನ ಡೊಳ್ಳು ಸಿಕ್ಕಿತ್ತು. ಆದರೆ ಧರೆಪ್ಪ ಹೆಣ್ಣು ಕೊಟ್ಟ ಮಾವ, ಮೇಲಾಗಿ ತಾಯಿಯ ಖಾಸಾ ತಮ್ಮ. ಅಂಥವನ ಕುರಿಗಳ ಉಣ್ಣೆ ಬಿಟ್ಟು ಡೊಳ್ಳಿಗೆ ಹೋಗುತ್ತೇನೆ ಎಂದು ಬಾಯಿಬಿಡಲು ಗಂಡೆದೆ ಬೇಕು. ರೇವಪ್ಪನ ಹತ್ತಿರ ಇದ್ದದ್ದು ಮೀಸೆಯೊಂದೇ.

ಹೀಗಾಗಿ ಕೈಯಲ್ಲಿದ್ದ ಚಹಾ ಮೊದಲು ಬಸಿಯಲ್ಲಿ ಕುಣಿಯಿತು, ಆಮೇಲೆ ಧರೆಪ್ಪನ ಧೋತರಕ್ಕೆ ಹಾರಿತು.

"ಎಂಟು ದಿನ ಆತು ಮಾಮಾ, ಕೈ ಹಿಂಗ ನಡಗಾಕತ್ತೈತಿ. ಕತ್ತರಿ ಹಿಡದ್ರ ಕುರಿ ಕಿವಿ ಉಳಿಯೂದಿಲ್ಲ."

"ಎಂಟು ದಿನ?" ಹೆಂಡತಿ ಹಣಮವ್ವ ಒಳಗಿನಿಂದ ಇಣುಕಿದಳು. "ನಿನ್ನೆ ಸೂಜಿಗೆ ದಾರ ಪೋಣಿಸಿ ಕೊಟ್ಟವ್ರು ಯಾರ್ರಿ?"

ರೇವಪ್ಪ ಕೇಳಿಸದವನಂತೆ ಇನ್ನಷ್ಟು ನಡುಗಿದ.

ಮಾತು ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಆದರೆ ಗೋಡೆಯಾಚೆ ಅಪ್ಪಾಸಾಬ ಇದ್ದ. ಊರಿನಲ್ಲಿ ಯಾರಿಗೆ ಕೆಮ್ಮು ಬಂದರೂ ಮಿರಜಿಗೆ ಕರೆದೊಯ್ಯುವವನು ಈ ಪುಣ್ಯಾತ್ಮ. ಅಲ್ಲಿಯ ಯಾವ ದವಾಖಾನೆಯ ಲಿಫ್ಟು ಯಾವ ದಿನ ಕೆಟ್ಟಿರುತ್ತದೆ ಎಂಬುದೂ ಅವನಿಗೆ ಬಾಯಿಪಾಠ.

"ಬಿಡಬಾರ್ದು ಧರೆಪ್ಪಾ," ಎಂದು ಗೋಡೆಯ ಮೇಲಿಂದ ತಲೆ ಹಾಕಿದ. "ನಡಗೂದ್ರಾಗ ಹತ್ತು ನಮೂನಿ ಇರ್ತಾವ. ಮಿರಜಿನ್ಯಾಗ ಅದಕ್ಕೊಂದು ಮಶೀನ ಬಂದೈತಿ. ಕೈಗೆ ವಾಯರ್ ಹಚ್ಚಿ, ಯಾವ ನಮೂನಿ ನಡಕ ಅಂತ ಗೆರಿ ತಗದು ತೋರಸ್ತೈತಿ."

"ಹಂಗಾದ್ರ ಹೋಗೂಣು. ನಾನೂ ಬರ್ತೇನಿ," ಎಂದ ಧರೆಪ್ಪ. ಅವನ ಕಣ್ಣು ಅಳಿಯನ ಕೈ ಮೇಲಿರಲಿಲ್ಲ, ಮುಖದ ಮೇಲಿತ್ತು.

ಒಂದೇ ಬೈಕಿನ ಮೇಲೆ ಮೂವರು ಹೊರಟರು. ನಡುವೆ ರೇವಪ್ಪ. ಬೇಕೆಂದೇ ಕೈ ನಡುಗಿಸುವುದು ಇನ್ನೂರು ಕುರಿಯ ಉಣ್ಣೆ ಕತ್ತರಿಸುವುದಕ್ಕಿಂತ ಕಷ್ಟ ಎಂದು ಅವನಿಗೆ ಅರ್ಧ ದಾರಿಯಲ್ಲೇ ತಿಳಿಯಿತು. ಬೆರಳು ಸೋತು ಹೋದದ್ದರಿಂದ ಸ್ವಲ್ಪ ಹೊತ್ತು ಎಡಗೈಗೆ ಕೆಲಸ ಹಚ್ಚಿದ.

"ಅಳ್ಯಾ, ಮುಂಜಾನಿ ನಡಗಿದ್ದು ಬಲಗೈ ಅಲ್ಲೇನು?" ಹಿಂದಿನಿಂದ ಧರೆಪ್ಪ ಕೇಳಿದ.

"ಅದು... ಹವಾ ಬಡದು ಈ ಕಡಿಗೆ ಸರದೈತಿ, ಮಾಮಾ."

ದವಾಖಾನೆಯಲ್ಲಿ ಡಾಕ್ಟರ್ ರೂಪಾಲಿ ಅವನನ್ನು ಮಂಚದ ಮೇಲೆ ಕೂರಿಸಿ, ಮೊಣಕೈ ಕೆಳಗೆ ಬಿಲ್ಲೆಗಳನ್ನಂಟಿಸಿ ವಾಯರ್ ಜೋಡಿಸಿದಳು. "ಹಾತ್ ಸೈಲ್ ಸೋಡಾ ದಾದಾ. ಕೈ ಸಡ್ಲ ಬಿಡ್ರಿ," ಎಂದು ಪರದೆ ಎಳೆದು ಆಚೆ ಹೋದಳು. ಆಚೆ ಧರೆಪ್ಪ ಕಾದಿದ್ದ.

"ಬಾಯಾರ, ಒಂದು ಮಾತು. ಯಾರರೆ ಸೋಂಗ ಮಾಡಿದ್ರ ಇದರಾಗ ಗೊತ್ತಾಗತೈತೇನ್ರಿ?"

"ಗೊತ್ತಾಗತೈತ್ರಿ ಕಾಕಾ. ಟಿಕ್ ಟಿಕ್ ಸಪ್ಪಳ ಹಚ್ಚಿ, ಆ ತಾಳಕ್ಕ ಎಡಗೈ ಬಡೀರಿ ಅಂತೇವಿ. ಖರೇ ನಡಕ ತನ್ನ ಪಾಡಿಗೆ ತಾ ಇರ್ತೈತಿ. ಸೋಂಗಿನ ನಡಕ ತನ್ನ ಚಾಲ ಬಿಟ್ಟು ಎಡಗೈ ತಾಳಕ್ಕ ಬೀಳ್ತೈತಿ. ಎರಡು ಕೈಗೆ ಎರಡು ತಾಳ ಯಾರಿಗೂ ಆಗೂದಿಲ್ರಿ."

ಪರದೆಯ ಈಚೆ ಮಂಚದ ಮೇಲಿದ್ದ ರೇವಪ್ಪನಿಗೆ ಎಲ್ಲ ಕೇಳಿಸಿತು. ಮುಗಿಯಿತು, ಇನ್ನು ಊರ ತುಂಬ ಮಾನ ಹರಾಜು ಎಂದುಕೊಂಡ. ಆಮೇಲೆ ರೂಪಾಲಿಯ ಕಡೆಯ ಮಾತನ್ನು ಇನ್ನೊಮ್ಮೆ ನೆನೆದ. ಯಾರಿಗೂ ಆಗುವುದಿಲ್ಲವಂತೆ. ಡೊಳ್ಳಿಗೆ ಬಲಗೈಯಲ್ಲಿ ಕೋಲಿನದೊಂದು ನಡೆ, ಎಡಗೈಯಲ್ಲಿ ಅಂಗೈಯದೊಂದು ನಡೆ. ಮೂರು ವರ್ಷ ಅವನು ಹಿಂದಿನ ಸಾಲಿನಲ್ಲಿ ನಿಂತು ಮತ್ತೇನು ಮಾಡಿದ್ದ?

ಟಿಕ್ ಟಿಕ್ ಶುರುವಾಯಿತು. ಮೊದಲು ನಿಧಾನ, ಆಮೇಲೆ ಚುರುಕು, ಮತ್ತೆ ನಿಧಾನ. ಎಡಗೈ ಅದರ ಹಿಂದೆ ತಪ್ಪದೆ ಹೋಯಿತು. ಬಲಗೈ ಅತ್ತ ತಿರುಗಿಯೂ ನೋಡಲಿಲ್ಲ, ತನ್ನ ನಡುಕ ತಾನು ನಡುಗಿತು. ಉಮೇದಿಗೆ ಬಿದ್ದು ತಲೆಯೂ ಆಡತೊಡಗಿತ್ತು, ರೇವಪ್ಪ ತಡೆದುಕೊಂಡ.

ರೂಪಾಲಿ ಮೂರು ಸಲ ಮಾಡಿಸಿ ನೋಡಿದಳು. ಆಮೇಲೆ ಗೆರೆ ಮೂಡಿದ ಕಾಗದವನ್ನು ಧರೆಪ್ಪನ ಕೈಗಿತ್ತಳು.

"ಸೋಂಗಲ್ರಿ ಕಾಕಾ, ಖರೇ ನಡಕ. ಭಾಳ ಶಿಸ್ತಿನ ನಡಕ ಐತಿ. ಜೀವಕ್ಕ ಧೋಕಾ ಇಲ್ಲ, ಗುಳಿಗಿ ಬರದೇನಿ. ಸದ್ಯಕ್ಕ ಕತ್ತರಿ, ಕುಡಗೋಲು ಮುಟ್ಟೂದು ಬ್ಯಾಡ."

ಹೊರಗೆ ಬಂದಾಗ ಧರೆಪ್ಪನ ಕಣ್ಣು ಒದ್ದೆಯಾಗಿತ್ತು. "ತಪ್ಪಾತು ಅಳ್ಯಾ. ನಿನ್ನ ಮ್ಯಾಲೆ ಸಂಶೆ ಪಟ್ಟೆ. ಇನ್ನ ನೀ ಕತ್ತರಿ ಮುಟ್ಟಬ್ಯಾಡ."

ರೇವಪ್ಪ ಮುಖ ಸಪ್ಪಗೆ ಮಾಡಿಕೊಂಡ. ಒಳಗೊಳಗೇ ಎಷ್ಟು ಖುಷಿಯಾಗಿತ್ತೆಂದರೆ, ಎಂದೂ ಯಾರಿಗೂ ಒಂದು ಬೀಡಿ ಕೊಡದವನು ಮೂವರಿಗೂ ಖಾರದ ಚುರುಮುರಿ ಭಡಂಗ ಕೊಡಿಸಿದ.

"ಡೊಳ್ಳಿನ ಚಿಂತಿನೂ ಬಿಡು," ಎಂದ ಅಪ್ಪಾಸಾಬ ಭಡಂಗ ಮೆಲ್ಲುತ್ತ. "ನೀ ಒಳಗ ಇದ್ದಾಗ ಮೇಳದ ಹಿರ್ಯಾ ರೇವಣಸಿದ್ಧಗ ಫೋನ್ ಮಾಡಿ ಎಲ್ಲಾ ಹೇಳೇನಿ. ನಿನ್ನ ಜಾಗಾಕ ಪ್ರಥಮೇಶನ್ನ ತೊಗೊಂಡಾರ."

ಬಾಯಿಯ ತನಕ ಒಯ್ದ ಮೊದಲ ಮುಕ್ಕನ್ನು ರೇವಪ್ಪ ಮರಳಿ ಪೊಟ್ಟಣಕ್ಕೆ ಸುರಿದ. ಆ ಪ್ರಥಮೇಶ ಡೊಳ್ಳು ಬಾರಿಸಿದರೆ ಹಾಸಿಗೆ ಝಾಡಿಸಿದಂತೆ ಕೇಳುತ್ತಿತ್ತು.

"ರೇವಣಸಿದ್ಧ ಇನ್ನೊಂದು ಸುದ್ದಿ ಹೇಳ್ಯಾನ," ಎಂದ ಧರೆಪ್ಪ. "ಐತಾರ ಊರ ಮಂದಿ ಎಲ್ಲಾ ಡೊಳ್ಳು ನೋಡಾಕ ಹೊಂಟೈತಂತ. ಕತ್ತರಸಾಕ ಯಾರೂ ಸಿಗೂದಿಲ್ಲ. ಅದಕ್ಕ ತುಪ್ಪಟದ ಕೆಲಸ ಮುಂದಿನ ಐತಾರಕ್ಕ ಇಟ್ಟೇನಿ. ನಾನೂ ಡೊಳ್ಳಿಗೆ ಹೋಗ್ತೇನಿ."

ರೇವಪ್ಪ ನಾಚಿಕೆಯನ್ನೆಲ್ಲ ಅಲ್ಲೇ ರಸ್ತೆಗೆ ಚೆಲ್ಲಿದ. "ಮಾಮಾ, ನನ್ನ ಕೈಗೆ ಏನೂ ಆಗಿಲ್ಲ. ಸೋಂಗ ಮಾಡಿದ್ದೆ. ನಿಮ್ಮ ಪಾದದಾಣಿ."

ಇಬ್ಬರೂ ಮುಖ ಮುಖ ನೋಡಿಕೊಂಡರು.

"ಡೊಳ್ಳಿನ ಹುಚ್ಚು ನೋಡು," ಎಂದ ಅಪ್ಪಾಸಾಬ. "ಬ್ಯಾನೀನ ಸುಳ್ಳು ಅನ್ನಾಕತ್ಯಾನ."

ಧರೆಪ್ಪ ಅಂಗಿಯ ಕಿಸೆಯಲ್ಲಿದ್ದ ಕಾಗದ ತಟ್ಟಿದ. "ನೀ ಸುಳ್ಳು ಹೇಳಬಹುದು ಅಳ್ಯಾ. ಮಶೀನ ಹೇಳತೈತೇನು?"

"ಬೇಕಾದ್ರ ನೋಡ್ರಿ," ಎಂದು ರೇವಪ್ಪ ಬಲಗೈಯನ್ನು ನೆಟ್ಟಗೆ ಮುಂದೆ ಚಾಚಿದ. ಬೆಳಗಿನಿಂದ ನಡುಗಿಸಿ ನಡುಗಿಸಿ ಸೋತ ಕೈ, ಖಾಲಿ ಹೊಟ್ಟೆ, ಸಿಟ್ಟು, ಕಣ್ಣ ಮುಂದೆ ಪ್ರಥಮೇಶ. ಅವನು ಏನೂ ಮಾಡದೆಯೇ ಕೈ ಗಡಗಡ ನಡುಗಿತು. ಹಲ್ಲು ಕಚ್ಚಿ ಹಿಡಿದಷ್ಟೂ ಹೆಚ್ಚಾಯಿತು.

"ಸಾಕು, ಸಾಕು, ತ್ರಾಸ ಮಾಡ್ಕೋಬ್ಯಾಡ," ಎಂದು ಧರೆಪ್ಪ ಆ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡ. "ನಾವೆಲ್ಲಾ ಡೊಳ್ಳಿಗೆ ಹ್ವಾದ್ರ ಐತಾರ ಕುರಿ ಕಾಯಾಕ ಒಬ್ಬ ಬೇಕಲ್ಲ. ನೀ ಇರು. ಅದಕ್ಕ ಕೈ ಬೇಕಾಗೂದಿಲ್ಲ, ಬಾಯಿ ಇದ್ರ ಸಾಕು."